ಹರೆಯದ ಮನಸ್ಸಿನ ಹಗಲು: ಅಳತೆಯ ಚರಿತ್ರೆ ಮತ್ತು ಆಲಂಕಾರಿನ ಮೂರು ಗಡಿಯಾರಗಳು

ಮನಸ್ಸಿನ ಲಹರಿ ಬೆಳಗಿನಿಂದ ರಾತ್ರಿಯವರೆಗೆ ಒಂದೇ ಹದದಲ್ಲಿ ಇರುವುದಿಲ್ಲ ಎಂಬ ತಿಳಿವಳಿಕೆ ನಮಗೆ ಹೊಸದಲ್ಲ. ಆಯುರ್ವೇದ ದಿನವನ್ನು ದೋಷಗಳ ಏರಿಳಿತಕ್ಕೆ ತಕ್ಕಂತೆ ಭಾಗ ಮಾಡಿತು. ಧಾರವಾಡ ಸೀಮೆಯ ಹಿಂದೂಸ್ತಾನಿ ಗಾಯಕರು ಪ್ರಹರಕ್ಕೊಂದು ರಾಗವೆಂಬ ನಿಯಮವನ್ನು ಪಾಲಿಸಿದರು. ರಾತ್ರಿಯ ಜಾವ ನೋಡಿ ರಾಗ ಆರಿಸುವ ರೂಢಿ ಯಕ್ಷಗಾನದ ಭಾಗವತಿಕೆಯಲ್ಲೂ ಇದೆ. ಆದರೆ ಈ ತಿಳಿವಳಿಕೆಯನ್ನು ಅಂಕಿಗೆ ಇಳಿಸುವ ಪ್ರಯತ್ನಕ್ಕೆ ನೂರು ವರ್ಷವಷ್ಟೇ ಆಗಿದೆ. ಅದರಲ್ಲೂ ಹರೆಯದವರನ್ನು ಅವರ ದಿನದ ನಡುವೆಯೇ ನಿಲ್ಲಿಸಿ ಕೇಳುವ ವಿಧಾನಕ್ಕೆ ಇನ್ನೂ ಐವತ್ತು ವರ್ಷ. ಈ ಚರಿತ್ರೆಯನ್ನು ಓದುತ್ತ ಹೋದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಹರೆಯದವರ ದಿನದ ಲಹರಿಯೆಂದು ದಾಖಲಾದ ರೇಖೆಯಲ್ಲಿ ಮೂರು ಗಡಿಯಾರಗಳು ಬೆರೆತುಕೊಂಡಿವೆ: ಮೈಯೊಳಗಿನದು, ಸೂರ್ಯನದು, ಶಾಲೆಯದು. ಸಾಧನಗಳು ಹುಟ್ಟಿದ ಊರುಗಳಲ್ಲಿ ಶಾಲೆಯ ಗಡಿಯಾರ ಉಳಿದೆರಡನ್ನೂ ಮುಚ್ಚಿಬಿಡುವಷ್ಟು ಬಲವಾಗಿತ್ತು, ಹಾಗಾಗಿ ಅದನ್ನು ಪ್ರತ್ಯೇಕವಾಗಿ ಲೆಕ್ಕಕ್ಕೆ ಹಿಡಿಯಬೇಕೆಂದು ಹೆಚ್ಚಿನವರಿಗೆ ತೋಚಲಿಲ್ಲ. ಹಿಂದೆ ಪುತ್ತೂರು ತಾಲ್ಲೂಕಿನಲ್ಲಿದ್ದು ಈಗ ಕಡಬ ತಾಲ್ಲೂಕಿಗೆ ಸೇರಿರುವ ಆಲಂಕಾರಿನಂಥ ಊರಿನಲ್ಲಿ ಈ ಮೂರೂ ಗಡಿಯಾರಗಳು ವರ್ಷದಲ್ಲಿ ಹಲವು ಬಾರಿ ಒಂದರಿಂದೊಂದು ಬೇರ್ಪಡುತ್ತವೆ. ಆದ್ದರಿಂದ ನಗರದಲ್ಲಿ ಸಿದ್ಧವಾದ ಅಳತೆಗೋಲನ್ನು ಕೊನೆಗೊಮ್ಮೆ ತಂದು ಇಟ್ಟು ನೋಡುವ ಜಾಗವಾಗಿ ಇಂಥ ಊರನ್ನು ಕಾಣುವುದು ತಪ್ಪು. ನಗರದಲ್ಲಿ ಬಿಡಿಸಲಾಗದ ಪ್ರಶ್ನೆಯನ್ನು ಬಿಡಿಸಬಹುದಾದ ಜಾಗ ಇದು ಎಂಬುದೇ ಈ ಲೇಖನದ ವಾದ.

ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಹಾಲ್ 1904ರಲ್ಲಿ ಹರೆಯದ ಬಗ್ಗೆ ಎರಡು ಸಂಪುಟಗಳ ದೊಡ್ಡ ಗ್ರಂಥ ಬರೆದಾಗ ಆ ವಯಸ್ಸನ್ನು ಬಿರುಗಾಳಿಯ ಕಾಲವೆಂದು ವರ್ಣಿಸಿದ. ಹಾಲ್‌ನ ಬಳಿ ದಿನಚರಿ, ಪತ್ರ, ಸಾಹಿತ್ಯ, ಪ್ರಶ್ನಾವಳಿ ಎಲ್ಲ ಇದ್ದವು. ಇಂಥ ಹುಡುಗ ಇಂಥ ದಿನ ಮೂರು ಗಂಟೆಗೆ ಹೇಗಿದ್ದ ಎಂಬ ದಾಖಲೆ ಮಾತ್ರ ಇರಲಿಲ್ಲ. ಲಂಡನ್ನಿನ ಜೆ.ಸಿ. ಫ್ಲೂಗೆಲ್ 1925ರಲ್ಲಿ ಕೆಲವೇ ವಯಸ್ಕರಿಂದ ತಿಂಗಳುದ್ದ ದಿನನಿತ್ಯದ ಭಾವನೆಗಳನ್ನು ಬರೆಸಿ ಸುಖ-ಅಸುಖಗಳಿಗೆ ಅಂಕ ಕೊಡಿಸಿದ. ರೆಕ್ಸ್‌ಫರ್ಡ್ ಹರ್ಸಿ ಎಂಬಾತ ರೈಲ್ವೆ ಕಾರ್ಯಾಗಾರದ ಕೆಲಸಗಾರರನ್ನು ದಿನದಲ್ಲಿ ಹಲವು ಬಾರಿ ಕಂಡು ಅವರ ಮನಃಸ್ಥಿತಿಯನ್ನು ದಾಖಲಿಸಿ 1932ರಲ್ಲಿ ಪುಸ್ತಕ ಮಾಡಿದ. ಅಳತೆಯ ಮೊದಲ ಪಾತ್ರಧಾರಿಗಳು ವಯಸ್ಕರು ಮತ್ತು ಕಾರ್ಖಾನೆಯವರು ಎಂಬುದು ಆಕಸ್ಮಿಕವೇನಲ್ಲ. ಲಹರಿಗೂ ಉತ್ಪಾದನೆಗೂ ಏನು ಸಂಬಂಧ ಎಂದು ತಿಳಿಯುವ ಆಸಕ್ತಿ ಆ ಕಾಲದ ಕೈಗಾರಿಕೆಗೆ ಇತ್ತು. ಶಾಲೆಯ ಮಕ್ಕಳ ಲಹರಿಯನ್ನು ತಿಳಿಯುವ ಅಗತ್ಯ ಯಾರಿಗೂ ಅಷ್ಟು ತುರ್ತಾಗಿ ಕಂಡಿರಲಿಲ್ಲ.

ಆ ಅಗತ್ಯ ಕಂಡದ್ದು 1970ರ ದಶಕದ ಷಿಕಾಗೋದಲ್ಲಿ. ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ, ರೀಡ್ ಲಾರ್ಸನ್ ಮತ್ತು ಸುಝಾನ್ ಪ್ರೆಸ್ಕಾಟ್ 1977ರಲ್ಲಿ 25 ಹರೆಯದವರ ಅಧ್ಯಯನ ಪ್ರಕಟಿಸಿದರು. ಆ ಕಾಲದಲ್ಲಿ ವೈದ್ಯರು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಪೇಜರನ್ನು ಮಕ್ಕಳಿಗೆ ಕೊಟ್ಟದ್ದೇ ಅವರ ಹೊಸತನ. ಮುಂದೆ ಷಿಕಾಗೋ ಹೊರವಲಯದ ಹೈಸ್ಕೂಲೊಂದರ 75 ವಿದ್ಯಾರ್ಥಿಗಳನ್ನು ಇದೇ ರೀತಿ ಅಧ್ಯಯನ ಮಾಡಿದ ವಿವರ 1984ರಲ್ಲಿ ಪುಸ್ತಕವಾಗಿ ಬಂತು. ಪೇಜರು ಕೂಗುವ ನಿಮಿಷ ಮಕ್ಕಳಿಗೆ ಮೊದಲೇ ಗೊತ್ತಿರುತ್ತಿರಲಿಲ್ಲ. ಅದು ಕೂಗಿದ ಕೂಡಲೇ ಮಗು ಕೈಯಲ್ಲಿದ್ದ ಕೆಲಸ ಬಿಟ್ಟು ಚಿಕ್ಕ ಪುಸ್ತಕದ ಒಂದು ಹಾಳೆ ತುಂಬಬೇಕು. ಎಲ್ಲಿದ್ದಿ, ಏನು ಮಾಡುತ್ತಿದ್ದಿ, ಯಾರ ಜೊತೆಗಿದ್ದಿ, ತಲೆಯಲ್ಲಿ ಏನು ಓಡುತ್ತಿತ್ತು ಎಂಬ ಪ್ರಶ್ನೆಗಳಿಗೆ ಎರಡೆರಡು ಮಾತಿನ ಉತ್ತರ. ಕೆಳಗೆ ಸಂತೋಷ-ದುಃಖ, ಚುರುಕು-ತೂಕಡಿಕೆ, ಸಿಡುಕು-ಸ್ನೇಹ ಹೀಗೆ ಜೋಡಿಗಳ ನಡುವೆ ಏಳು ಮನೆಗಳು. ತನಗೆ ಆ ಕ್ಷಣ ಹೊಂದುವ ಮನೆಗೆ ಗುರುತು ಹಾಕಿ ಪುಸ್ತಕ ಮುಚ್ಚಿದರೆ ಆಯಿತು, ಒಂದೆರಡು ನಿಮಿಷದ ಕೆಲಸ. ರಾತ್ರಿ ಕೂತು ದಿನವನ್ನು ನೆನಪಿಸಿಕೊಂಡು ಬರೆಯುವವರು ಕೊನೆಯಲ್ಲಿ ನಡೆದ ಜಗಳವನ್ನೋ ನಲಿವನ್ನೋ ಇಡೀ ದಿನಕ್ಕೆ ಬಳಿದುಬಿಡುತ್ತಾರೆ. ಆ ದೋಷದಿಂದ ಪಾರಾಗುವ ದಾರಿ ಈ ಏಳು ಮನೆಗಳಲ್ಲಿತ್ತು. ಮನಶ್ಶಾಸ್ತ್ರದ ಚರಿತ್ರೆಯಲ್ಲಿ ಇಷ್ಟು ಅಗ್ಗದ ಸಾಧನ ಇಷ್ಟು ದೊಡ್ಡ ಬದಲಾವಣೆ ತಂದ ಉದಾಹರಣೆಗಳು ವಿರಳ.

ಫಲಿತಾಂಶಗಳು ಹಾಲ್‌ನ ಬಿರುಗಾಳಿಯನ್ನು ಪೂರ್ತಿ ಒಪ್ಪಲೂ ಇಲ್ಲ, ಪೂರ್ತಿ ತಳ್ಳಿಹಾಕಲೂ ಇಲ್ಲ. ಹರೆಯದವರ ಅತಿರೇಕದ ಲಹರಿ ವಯಸ್ಕರದಕ್ಕಿಂತ ಬೇಗ, ಮುಕ್ಕಾಲು ಗಂಟೆಯ ಹೊತ್ತಿಗೆ, ಹದಕ್ಕೆ ಬರುತ್ತಿತ್ತು. ಲಹರಿ ಬೇಗ ಬದಲಾಗುವ ಮಕ್ಕಳು ಬದುಕಿನಲ್ಲಿ ಹೆಚ್ಚು ತೊಂದರೆಗೊಳಗಾದವರೆಂದೂ ತೋರಲಿಲ್ಲ. ಲಾರ್ಸನ್ ಮತ್ತೊಬ್ಬ ಸಂಶೋಧಕಿಯೊಂದಿಗೆ 9ರಿಂದ 15 ವರ್ಷದ 473 ಮಕ್ಕಳನ್ನು ಹೋಲಿಸಿ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಯಸ್ಸಾದಂತೆ ಏರಿಳಿತ ಹೆಚ್ಚಿದ್ದು ಕಾಣಲಿಲ್ಲ. ಹೆಚ್ಚಿದ್ದು ಸಣ್ಣ ಬೇಸರಗಳು, ಕಡಿಮೆಯಾದದ್ದು ಉಕ್ಕುವ ಖುಷಿಯ ಕ್ಷಣಗಳು. ಇದೇ ತಂಡದವರು ಮುಂದೆ ಹರೆಯದವರ ವಾರವನ್ನು ವಿವರಿಸಿದಾಗ ಶಾಲೆಯ ದಿನಗಳು ತಗ್ಗಾಗಿಯೂ ವಾರಾಂತ್ಯ ಎತ್ತರವಾಗಿಯೂ ಕಂಡವು. ಈ ತಗ್ಗು-ಎತ್ತರ ವಯಸ್ಸಿನ ಸ್ವಭಾವವೋ ವೇಳಾಪಟ್ಟಿಯ ಗುರುತೋ ಎಂಬ ಪ್ರಶ್ನೆ ಅಲ್ಲೇ ಏಳಬೇಕಾಗಿತ್ತು. ಎದ್ದರೂ ಅದಕ್ಕೆ ಉತ್ತರ ಹುಡುಕುವ ಬಗೆ ಆ ಸಮಾಜದಲ್ಲಿ ಇರಲಿಲ್ಲ, ಯಾಕೆಂದರೆ ಅಲ್ಲಿ ಶಾಲೆಯಿಲ್ಲದ ಮಂಗಳವಾರ ಎಂಬುದೇ ಅಪರೂಪ.

ದಿನದೊಳಗಿನ ರೇಖೆಯ ವಿಷಯದಲ್ಲಿ ಭಿನ್ನಾಭಿಪ್ರಾಯ ಇನ್ನೂ ಸ್ಪಷ್ಟ. ಲೀ ಆನಾ ಕ್ಲಾರ್ಕ್, ಡೇವಿಡ್ ವಾಟ್ಸನ್ ಮತ್ತು ಜೇ ಲೀಕಾ 1989ರಲ್ಲಿ ಕಾಲೇಜು ವಿದ್ಯಾರ್ಥಿಗಳ ದಾಖಲೆಗಳಿಂದ ತೋರಿಸಿದ್ದು ಇದು: ಉತ್ಸಾಹ, ಹುರುಪಿನಂಥ ಭಾವಗಳು ಬೆಳಗಿನಿಂದ ಮಧ್ಯಾಹ್ನದವರೆಗೆ ಏರಿ, ರಾತ್ರಿ ಒಂಬತ್ತರವರೆಗೆ ಹೆಚ್ಚುಕಡಿಮೆ ಅಲ್ಲೇ ನಿಂತು, ಬಳಿಕ ಇಳಿಯುತ್ತವೆ. ಬೇಸರ, ಆತಂಕಗಳಿಗೆ ಅಂಥ ಲಯ ಕಾಣಲಿಲ್ಲ. ಸ್ಕಾಟ್ ಗೋಲ್ಡರ್ ಮತ್ತು ಮೈಕೆಲ್ ಮೇಸಿ 2011ರಲ್ಲಿ 84 ದೇಶಗಳ 24 ಲಕ್ಷ ಜನರ ಟ್ವಿಟರ್ ಬರಹಗಳನ್ನು ಶೋಧಿಸಿದಾಗ ಸಿಕ್ಕಿದ್ದು ಬೇರೆಯದೇ ರೇಖೆ. ಅಲ್ಲಿ ಬೆಳಿಗ್ಗೆ ಒಂದು ಶಿಖರ, ಹಗಲಿನ ಕೆಲಸದ ಹೊತ್ತಿನಲ್ಲಿ ಇಳಿಜಾರು, ರಾತ್ರಿ ಮತ್ತೊಂದು ಶಿಖರ. ಎರಡೂ ಎಚ್ಚರಿಕೆಯಿಂದ ಮಾಡಿದ ಅಧ್ಯಯನಗಳೇ. ಆದರೆ ಒಂದರಲ್ಲಿ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಎಲ್ಲ ಬಗೆಯ ಜನ. ಒಂದರಲ್ಲಿ ಕೇಳಿದಾಗ ಕೊಟ್ಟ ಉತ್ತರ, ಇನ್ನೊಂದರಲ್ಲಿ ತಾವಾಗಿ ಬರೆದ ಮಾತು. ದಿನದ ಲಹರಿ ಬರೀ ಮೈಯ ಲಯವಾಗಿದ್ದರೆ ಎರಡೂ ರೇಖೆಗಳು ಇಷ್ಟು ದೂರ ಹೋಗಬೇಕಾಗಿರಲಿಲ್ಲ.

ಹಾಗೆಂದು ಮೈಯ ಗಡಿಯಾರವನ್ನು ಅಲ್ಲಗಳೆಯುವಂತಿಲ್ಲ. ಹರೆಯ ಬರುತ್ತಿದ್ದಂತೆ ನಿದ್ದೆ ಬರುವ ಹೊತ್ತೂ ಏಳುವ ಹೊತ್ತೂ ಮುಂದಕ್ಕೆ ಜಾರುವುದು ಸೋಮಾರಿತನದಿಂದಲ್ಲ, ದೇಹದ ಬೆಳವಣಿಗೆಯೊಂದಿಗೇ ನಡೆಯುವ ಬದಲಾವಣೆ ಎಂದು ಮೇರಿ ಕಾರ್ಸ್ಕಡನ್ ಮತ್ತು ಸಂಗಡಿಗರು 1993ರಿಂದ ತೋರಿಸುತ್ತ ಬಂದಿದ್ದಾರೆ. ಅವರ 1998ರ ಅಧ್ಯಯನದಲ್ಲಿ ಶಾಲೆಯ ಆರಂಭ 8.25ರಿಂದ 7.20ಕ್ಕೆ ಹಿಂದೆ ಸರಿದಾಗ ಮಕ್ಕಳು ಅದಕ್ಕೆ ತಕ್ಕಷ್ಟು ಬೇಗ ಮಲಗಲಿಲ್ಲ, ನಿದ್ದೆ ಕಳೆದುಕೊಂಡರಷ್ಟೇ. ಡಯೇನ್ ಬೊವಿನ್ ಮತ್ತು ಸಂಗಡಿಗರು 1997ರಲ್ಲಿ ಹೊರಗಿನ ಬೆಳಕು, ಗಡಿಯಾರಗಳಿಲ್ಲದ ಕೋಣೆಗಳಲ್ಲಿ ಆರೋಗ್ಯವಂತ ಯುವಜನರನ್ನು ಇರಿಸಿ ನೋಡಿದರು. ಲಹರಿ ಮೈಯ ಗಡಿಯಾರದ ಮೇಲೂ, ಎದ್ದು ಎಷ್ಟು ಹೊತ್ತಾಯಿತು ಎಂಬುದರ ಮೇಲೂ, ಇವೆರಡೂ ಹೇಗೆ ಕೂಡುತ್ತವೆ ಎಂಬುದರ ಮೇಲೂ ನಿಂತಿತ್ತು. ಐದಕ್ಕೆ ಎದ್ದ ಹುಡುಗಿಯ ಸಂಜೆ ನಾಲ್ಕು ಗಂಟೆ ಮತ್ತು ಏಳಕ್ಕೆ ಎದ್ದ ಹುಡುಗಿಯ ಸಂಜೆ ನಾಲ್ಕು ಗಂಟೆ ಒಂದೇ ಅಲ್ಲ. ಆದರೂ ಎಷ್ಟೋ ಅಧ್ಯಯನಗಳು ಗೋಡೆಯ ಗಡಿಯಾರದ ನಾಲ್ಕು ಗಂಟೆಯಡಿ ಇಬ್ಬರನ್ನೂ ಒಂದೇ ಸಾಲಿನಲ್ಲಿ ಕೂರಿಸಿಬಿಡುತ್ತವೆ.

ಭಾರತದಲ್ಲಿ ಈ ವಿಧಾನದ ಗಟ್ಟಿ ಪ್ರಯೋಗ ನಡೆದದ್ದು ಚಂಡೀಗಢದಲ್ಲಿ. ಸುಮನ್ ವರ್ಮಾ ಅವರು ಲಾರ್ಸನ್ ಜೊತೆ ಸೇರಿ ನಗರದ ಮಧ್ಯಮ ವರ್ಗದ ಎಂಟನೆಯ ತರಗತಿಯ 100 ಮಕ್ಕಳ ಕೈಗೆ ಅಲಾರಂ ಗಡಿಯಾರ ಕಟ್ಟಿ ಒಂದು ವಾರ ದಾಖಲೆ ಪಡೆದರು. 2002 ಮತ್ತು 2003ರಲ್ಲಿ ಬಂದ ಪ್ರಬಂಧಗಳ ಪ್ರಕಾರ ಆ ಮಕ್ಕಳ ಎಚ್ಚರದ ಹೊತ್ತಿನ ಮೂರನೇ ಒಂದು ಭಾಗ ಓದಿಗೇ ಹೋಗುತ್ತಿತ್ತು. ಓದಿನ ಹೊತ್ತಿನಲ್ಲಿ ಲಹರಿ ತಗ್ಗುತ್ತಿತ್ತು, ಮನೆಯವರ ಜೊತೆಗಿದ್ದಾಗ ಚೆನ್ನಾಗಿರುತ್ತಿತ್ತು. ಅಮೆರಿಕದ ಹರೆಯದವರು ಮನೆಯಿಂದ ದೂರ ಸರಿಯುವುದೇ ಬೆಳವಣಿಗೆಯ ಸಹಜ ದಾರಿ ಎಂದುಕೊಂಡಿದ್ದ ವಿದ್ವಾಂಸರಿಗೆ ಇದು ಮುಖ್ಯ ತಿದ್ದುಪಡಿ. ಇಲ್ಲಿ ಗಮನಿಸಬೇಕಾದದ್ದು ಇನ್ನೊಂದಿದೆ. ರೇಖಾಂಶದಲ್ಲಿ ಚಂಡೀಗಢಕ್ಕೂ ಆಲಂಕಾರಿಗೂ ಒಂದೂವರೆ ಡಿಗ್ರಿಯಷ್ಟೇ ಅಂತರ, ಸೂರ್ಯನ ಲೆಕ್ಕದಲ್ಲಿ ಆರು ನಿಮಿಷಕ್ಕಿಂತ ಕಡಿಮೆ. ಆದರೆ ಚಂಡೀಗಢದ ಹಗಲು ಡಿಸೆಂಬರ್‌ನಿಂದ ಜೂನ್‌ಗೆ ಹತ್ತು ಗಂಟೆ ಚಿಲ್ಲರೆಯಿಂದ ಹದಿನಾಲ್ಕು ಗಂಟೆಯವರೆಗೆ ಹಿಗ್ಗುತ್ತದೆ. ನಮ್ಮಲ್ಲಿ ಆ ವ್ಯತ್ಯಾಸ ಒಂದೂವರೆ ಗಂಟೆಯಷ್ಟೇ. ಒಂದು ವಾರದ ಅಳತೆಯನ್ನು ಇಡೀ ಭಾರತದ ಹರೆಯವೆಂದು ಓದುವಾಗ ಈ ಅಂತರ ಕಳೆದುಹೋಗುತ್ತದೆ.

ಕರ್ನಾಟಕದಲ್ಲಿ ಅಳತೆಯ ಪರಂಪರೆ ಸಣ್ಣದೇನಲ್ಲ. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ 1924ರಲ್ಲೇ ಮನಶ್ಶಾಸ್ತ್ರ ವಿಭಾಗ ಕಟ್ಟಿದರು. ವಿ.ವಿ. ಕಾಮತರು ಬಿನೆಯ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳ ಮೇಲೆ ಒರೆಗೆ ಹಚ್ಚಿ, ಪ್ರಶ್ನೆಗಳನ್ನು ಬದಲಿಸಿ, ವಯಸ್ಸಿನ ಮಟ್ಟಗಳನ್ನು ಹೊಸದಾಗಿ ಗೊತ್ತುಪಡಿಸಿ 1940ರಲ್ಲಿ ಪುಸ್ತಕ ತಂದರು. ಹೊರಗಿನ ಸಾಧನವನ್ನು ಬರೀ ಭಾಷಾಂತರಿಸಿದರೆ ಸಾಲದು, ಇಲ್ಲಿನ ಮಕ್ಕಳ ಮೇಲೆ ಮತ್ತೆ ಕಟ್ಟಬೇಕು ಎಂಬ ಆ ಶಿಸ್ತು ಲಹರಿಯ ಅಳತೆಗೂ ಮೇಲ್ಪಂಕ್ತಿಯಾಗಬೇಕಿತ್ತು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಹುಟ್ಟಿದ ಮಕ್ಕಳನ್ನು ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು ವರ್ಷಗಟ್ಟಲೆ ಹಿಂಬಾಲಿಸಿ, ಅವರು ಹದಿಮೂರು-ಹದಿನಾಲ್ಕಕ್ಕೆ ಬಂದಾಗ ಅಪರಿಚಿತರ ಎದುರು ಮಾತಾಡಿಸಿ, ಲೆಕ್ಕ ಮಾಡಿಸಿ, ಜೊಲ್ಲಿನಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಅಳೆದರು. ಹರೆಯದ ಒತ್ತಡವನ್ನು ಕನ್ನಡದ ನೆಲದಲ್ಲಿ ದೇಹದ ಮಟ್ಟದಲ್ಲಿ ಅಳೆದ ಅಪರೂಪದ ಕೆಲಸ ಅದು. ಆದರೆ ಅದು ಒಂದು ಹೊತ್ತಿನ ಪರೀಕ್ಷೆ, ದಿನದ ಲಯ ಅದರ ವಿಷಯವಲ್ಲ. ನಿಮ್ಹಾನ್ಸ್ ಮುಂದಾಳತ್ವದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17ರ ವಯಸ್ಸಿನವರಲ್ಲಿ ಶೇ 7.3ರಷ್ಟು ಮಂದಿಗೆ ಮಾನಸಿಕ ತೊಂದರೆಯಿದೆ ಎಂದಿತು. ಮಹಾನಗರಗಳಲ್ಲಿ ಶೇ 13.5, ಹಳ್ಳಿಗಳಲ್ಲಿ ಶೇ 6.9. ಇಂಥ ಸಮೀಕ್ಷೆ ತೊಂದರೆ ಇದೆಯೇ ಇಲ್ಲವೇ ಎಂದು ಹೇಳುತ್ತದೆ. ಮಗುವಿಗೆ ಯಾವ ಹೊತ್ತು ಭಾರವಾಗುತ್ತದೆ ಎಂಬುದು ಅದರ ವ್ಯಾಪ್ತಿಗೆ ಬರುವುದಿಲ್ಲ.

ಈಗ ಆಲಂಕಾರಿನ ಹಗಲನ್ನು ನೋಡೋಣ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶದ ಸೂರ್ಯನಿಗೆ ಹೊಂದಿಸಿದ್ದು. ಉಪ್ಪಿನಂಗಡಿ-ಕಡಬ ರಸ್ತೆಯ ಈ ಊರು 75.4 ಡಿಗ್ರಿಯ ಆಸುಪಾಸಿನಲ್ಲಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಇಲ್ಲಿನ ಸೂರ್ಯ ಗಡಿಯಾರಕ್ಕಿಂತ ಸುಮಾರು 28 ನಿಮಿಷ ಹಿಂದೆ. ಜನವರಿ ಕೊನೆಯಲ್ಲಿ ಸೂರ್ಯೋದಯವೇ 6.50 ದಾಟುತ್ತದೆ, ಗುಡ್ಡದ ಮಗ್ಗುಲಿನ ಅಡಿಕೆ ತೋಟಕ್ಕೆ ಬಿಸಿಲು ಇಳಿಯುವಾಗ ಇನ್ನೂ ತಡ. ಎಸ್‌ಎಸ್‌ಎಲ್‌ಸಿಯ ಮಗು ಮಾತ್ರ ಆ ಹೊತ್ತಿಗೆ ಓದಲು ಎದ್ದು ಎಷ್ಟೋ ಹೊತ್ತಾಗಿರುತ್ತದೆ. ಟಿಲ್ ರೋನೆಬರ್ಗ್ ಮತ್ತು ಸಂಗಡಿಗರು 2007ರಲ್ಲಿ ಜರ್ಮನಿಯ ಪೂರ್ವದಿಂದ ಪಶ್ಚಿಮಕ್ಕೆ ಜನರ ನಿದ್ದೆಯ ಹೊತ್ತನ್ನು ಹೋಲಿಸಿ, ಚಿಕ್ಕ ಊರುಗಳ ಜನರ ಮೈಗಡಿಯಾರ ಸರಕಾರದ ಗಡಿಯಾರಕ್ಕಿಂತ ಸೂರ್ಯನನ್ನೇ ಹೆಚ್ಚು ಅನುಸರಿಸುತ್ತದೆ, ದೊಡ್ಡ ನಗರಗಳಲ್ಲಿ ಆ ನಂಟು ಸಡಿಲ ಎಂದು ತೋರಿಸಿದರು. ಭಾರತದ ಮಟ್ಟಿಗೆ ಮೌಲಿಕ್ ಜಗ್ನಾನಿ ಅವರ ಅಧ್ಯಯನವೂ ಇದೇ ದಿಕ್ಕಿನದು: ಸೂರ್ಯ ತಡವಾಗಿ ಮುಳುಗುವ ಕಡೆ ಮಕ್ಕಳು ತಡವಾಗಿ ಮಲಗುತ್ತಾರೆ, ಶಾಲೆ ಮಾತ್ರ ಅದೇ ಹೊತ್ತಿಗೆ ಶುರುವಾಗುವುದರಿಂದ ನಿದ್ದೆ ಕಡಿಮೆಯಾಗುತ್ತದೆ. ಇದರ ಮೇಲೆ ಊರಿನದೇ ಋತುಗಳಿವೆ. ದೀಪಾವಳಿಯ ನಂತರ ಮೇ ತಿಂಗಳಲ್ಲಿ ಬೀಳುವ ಪತ್ತನಾಜೆಯವರೆಗೆ ಭೂತಾರಾಧನೆಯ ಕೋಲ, ನೇಮ, ಯಕ್ಷಗಾನದ ಆಟ, ಜಾತ್ರೆಗಳ ರಾತ್ರಿಗಳು. ಪಬ್ಲಿಕ್ ಪರೀಕ್ಷೆಯ ತಯಾರಿ ಬೀಳುವುದೂ ಇದೇ ಕಾಲದಲ್ಲಿ. ಅಂಗಳದಲ್ಲಿ ಅಡಿಕೆ ಒಣಗುವ ತಿಂಗಳುಗಳಲ್ಲಿ ಮೋಡ ಕಂಡರೆ ಮಕ್ಕಳೂ ಸೇರಿ ರಾಶಿ ಮಾಡಬೇಕು. ಮಳೆಗಾಲದಲ್ಲಿ ಬಿಸಿಲು ಬಿದ್ದ ದಿನ ಮನೆಯವರೆಲ್ಲ ತೋಟಕ್ಕೆ ಮದ್ದು ಬಿಡುವ ಗಡಿಬಿಡಿಯಲ್ಲಿರುತ್ತಾರೆ. ರಬ್ಬರ್ ಇರುವ ಮನೆಯಲ್ಲಿ ಟ್ಯಾಪಿಂಗಿಗೆ ಬೆಳಕು ಹರಿಯುವ ಮೊದಲೇ ಏಳುವವರಿರುತ್ತಾರೆ, ಬೀಡಿ ಕಟ್ಟುವ ಮನೆಯಲ್ಲಿ ದೀಪ ರಾತ್ರಿ ತಡವಾಗಿ ಆರುತ್ತದೆ. ಒಂದೇ ತರಗತಿಯ ಒಂದೇ ಬೆಂಚಿನ ಮಕ್ಕಳು ಇಲ್ಲಿ ಬೇರೆ ಬೇರೆ ಉದ್ದದ ದಿನಗಳನ್ನು ದಾಟಿ ಬಂದು ಕೂತಿರುತ್ತಾರೆ.

ಮೂರು ಗಡಿಯಾರಗಳನ್ನು ಬೇರ್ಪಡಿಸಲು ಇಲ್ಲಿ ಸಿಗುವ ಅತ್ಯುತ್ತಮ ಅವಕಾಶ ಮಳೆ ರಜೆ. ದಕ್ಷಿಣ ಕನ್ನಡದಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಜೋರಾದಾಗ ಜಿಲ್ಲಾಧಿಕಾರಿಗಳು ಹಿಂದಿನ ರಾತ್ರಿಯೋ ಅದೇ ದಿನ ಬೆಳಿಗ್ಗೆಯೋ ರಜೆ ಘೋಷಿಸುತ್ತಾರೆ. ಭಾನುವಾರಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವಿದೆ. ಭಾನುವಾರ ಬರುವುದು ಮಗುವಿಗೆ ಗೊತ್ತು, ಅದಕ್ಕಾಗಿ ಶನಿವಾರದಿಂದಲೇ ಮನಸ್ಸು ಸಿದ್ಧವಾಗಿರುತ್ತದೆ, ಮನೆಯವರ ದಿನವೂ ಬೇರೆಯಾಗಿರುತ್ತದೆ. ಮಳೆ ರಜೆಯ ಬುಧವಾರ ಮನೆಯ ಕೆಲಸ, ಅಪ್ಪ-ಅಮ್ಮನ ದುಡಿಮೆ ಬಹುಪಾಲು ಹಾಗೆಯೇ ಇರುತ್ತದೆ, ತೆಗೆದುಹಾಕಿದ್ದು ಶಾಲೆಯ ವೇಳಾಪಟ್ಟಿಯೊಂದನ್ನೇ. ಮಳೆಯೇ ಲಹರಿಯನ್ನು ಬದಲಿಸಬಹುದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ಉತ್ತರವೂ ಇಲ್ಲಿನ ಮಳೆಗಾಲದಲ್ಲೇ ಇದೆ. ಜೋರು ಮಳೆ ಸುರಿದರೂ ಶಾಲೆ ನಡೆದ ದಿನಗಳು ಬೇಕಾದಷ್ಟು ಸಿಗುತ್ತವೆ. ರಜೆ ಘೋಷಿಸಿದ ಮೇಲೆ ಮಳೆ ಬಿಟ್ಟು ಬಿಸಿಲು ಕಾಯುವ ದಿನಗಳೂ ಬರುತ್ತವೆ, ಅದನ್ನು ನೋಡಿ ಊರವರು ಬೇಸರಪಟ್ಟುಕೊಳ್ಳುವುದೂ ಇದೆ. ಮಳೆ ಇದ್ದೂ ಶಾಲೆಯಿದ್ದ ದಿನ, ಮಳೆ ಇದ್ದು ಶಾಲೆಯಿಲ್ಲದ ದಿನ, ಮಳೆಯಿಲ್ಲದೆ ಶಾಲೆಯೂ ಇಲ್ಲದ ವಾರದ ದಿನ, ಇವು ಒಂದೇ ಮಗುವಿನ ಬಾಳಿನಲ್ಲಿ ಒಂದೇ ತಿಂಗಳಲ್ಲಿ ಬಂದರೆ ಮಗುವನ್ನು ತನ್ನೊಂದಿಗೇ ಹೋಲಿಸಬಹುದು. ಷಿಕಾಗೋಗೂ ಚಂಡೀಗಢಕ್ಕೂ ಇಂಥ ಸವಲತ್ತು ಇರಲಿಲ್ಲ.

ಗೋಲ್ಡರ್ ಮತ್ತು ಮೇಸಿಯವರ ಕಡೆಯಿಂದ ಬರಬಹುದಾದ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಅವರ ಅಂಕಿಗಳಲ್ಲಿ ವಾರಾಂತ್ಯದ ರೇಖೆಯೂ ವಾರದ ದಿನದ ಆಕಾರವನ್ನೇ ಹೋಲುತ್ತದೆ, ಬೆಳಗಿನ ಶಿಖರ ಸುಮಾರು ಎರಡು ಗಂಟೆ ಮುಂದಕ್ಕೆ ಸರಿದಿರುತ್ತದೆ ಅಷ್ಟೆ. ಕೆಲಸವಿಲ್ಲದ ದಿನವೂ ಆಕಾರ ಅದೇ ಆಗಿದ್ದರೆ ಅದು ಮೈಯದೇ ಆಗಿರಬೇಕಲ್ಲ? ಆಕಾರದ ಮಟ್ಟಿಗೆ ಈ ಮಾತಿಗೆ ತೂಕವಿದೆ. ಆದರೆ ಅದೇ ಅಧ್ಯಯನದಲ್ಲಿ ಶುಕ್ರವಾರ-ಶನಿವಾರ ರಜೆಯಿದ್ದ ಅರಬ್ ಸಂಯುಕ್ತ ಸಂಸ್ಥಾನದಲ್ಲಿ ಲಹರಿಯ ಎತ್ತರ ಆ ದಿನಗಳಿಗೇ ಸರಿದಿತ್ತು. ಅಂದರೆ ಎತ್ತರ ಎಷ್ಟು, ಅದು ಯಾವ ದಿನಕ್ಕೆ ಬೀಳುತ್ತದೆ ಎಂಬುದನ್ನು ಸಮಾಜ ತೀರ್ಮಾನಿಸುತ್ತದೆ. ಎರಡು ಗಂಟೆಯ ಸರಿತವೂ ವಾರದ ದಿನ ಅಲಾರಂ ಕದ್ದ ನಿದ್ದೆಯ ಅಳತೆಯೇ. ಇನ್ನು ಕೆಲವರು ಹೇಳುವಂತೆ ಎಲ್‌ಇಡಿ ದೀಪ, ಮೊಬೈಲ್ ಬಂದ ಮೇಲೆ ಹಳ್ಳಿಯ ಮಗುವಿನ ರಾತ್ರಿಗೂ ಮಂಗಳೂರಿನ ಮಗುವಿನ ರಾತ್ರಿಗೂ ಅಂತರ ಉಳಿದಿಲ್ಲ ಎಂಬುದು ಅರ್ಧ ಸತ್ಯ. ರಾತ್ರಿ ಹತ್ತಿರವಾಗಿದೆ, ಹಗಲು ಆಗಿಲ್ಲ. ಬಯಲಿನಲ್ಲಿ ನಡೆದು, ಬಸ್ಸಿಗೆ ಕಾದು, ತೋಟದಲ್ಲಿ ಸುತ್ತಾಡುವ ಮಗುವಿನ ಕಣ್ಣಿಗೆ ಬೀಳುವ ಹಗಲ ಬೆಳಕು ಅಪಾರ್ಟ್‌ಮೆಂಟಿನಿಂದ ಶಾಲಾ ವಾಹನಕ್ಕೆ ಇಳಿಯುವ ಮಗುವಿನದಕ್ಕಿಂತ ಹೆಚ್ಚು. ಮೈಗಡಿಯಾರವನ್ನು ದಿನದಿನವೂ ತಿದ್ದುವುದು ಆ ಬೆಳಕೇ.

ಸಾಧನದ ಪ್ರಶ್ನೆಯನ್ನು ಇಷ್ಟು ಸುಲಭವಾಗಿ ಬಗೆಹರಿಸಲಾಗದು. ಈಗಿನ ಅಧ್ಯಯನಗಳು ಪೇಜರನ್ನು ಬಿಟ್ಟು ಸ್ಮಾರ್ಟ್‌ಫೋನಿಗೆ ಬಂದಿವೆ. ನಮ್ಮ ಶಾಲೆಗಳಿಗೆ ಮಕ್ಕಳು ಮೊಬೈಲ್ ತರುವಂತಿಲ್ಲ. ತರಬೇಕೆಂದೂ ನಾನು ವಾದಿಸುವುದಿಲ್ಲ. ಮನೆಯಲ್ಲಿ ಫೋನು ಅಣ್ಣನದೋ ಅಪ್ಪನದೋ ಆಗಿರುತ್ತದೆ. 2021ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನ ಬಳ್ಳಕ್ಕದಲ್ಲಿ ಮಗಳ ಆನ್‌ಲೈನ್ ತರಗತಿಗೆಂದು ಅಪ್ಪ ರಸ್ತೆ ಬದಿಯಲ್ಲಿ ಕೊಡೆ ಹಿಡಿದು ನಿಂತ ಚಿತ್ರ ರಾಜ್ಯವೆಲ್ಲ ನೋಡಿದ್ದು. ನೆಟ್‌ವರ್ಕ್ ಸಿಗುವ ಜಾಗಕ್ಕೆ ನಡೆದು ಹೋಗಬೇಕಾದ ಮಗುವಿನ ಉತ್ತರ ಅದು ಅಲ್ಲಿಗೆ ತಲುಪಿದ ಹೊತ್ತಿನ ಲಹರಿಯನ್ನು ಹೇಳುತ್ತದೆ, ಕೇಳಿದ ಹೊತ್ತಿನದನ್ನಲ್ಲ. ಹೆಚ್ಚು ಕಷ್ಟದಲ್ಲಿರುವ ಮಗುವಿನ ದಾಖಲೆಯೇ ಹೆಚ್ಚು ತಪ್ಪಿಹೋಗುತ್ತದೆ. ಹಾಗಾದರೆ ಕಾಗದಕ್ಕೆ ಮರಳೋಣವೇ? ಆರ್ಥರ್ ಸ್ಟೋನ್ ಮತ್ತು ಸಂಗಡಿಗರು 2002ರಲ್ಲಿ ನೋವಿನ ದಿನಚರಿ ಬರೆಯುವ ರೋಗಿಗಳ ಪುಸ್ತಕಕ್ಕೆ ಗುಟ್ಟಾಗಿ ಬೆಳಕಿನ ಸಂವೇದಕ ಅಳವಡಿಸಿದರು. ಹೊತ್ತಿಗೆ ಸರಿಯಾಗಿ ಬರೆದಿದ್ದೇವೆಂದು ರೋಗಿಗಳು ಶೇ 90ರಷ್ಟು ನಮೂದುಗಳ ಬಗ್ಗೆ ಹೇಳಿಕೊಂಡಿದ್ದರು, ನಿಜವಾಗಿ ಹಾಗೆ ಬರೆದದ್ದು ಶೇ 11. ಕಾಗದದ ಮೇಲಿನ ನಂಬಿಕೆಗೆ ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದಿಲ್ಲ. ಆದರೂ ಆ ರೋಗಿಗಳಿಗೆ ನೆನಪಿಸುವವರು ಯಾರೂ ಇರಲಿಲ್ಲ. ಶಾಲೆಯಲ್ಲಿ ಪೀರಿಯಡ್ ಬದಲಾಗುವ ಗಂಟೆಯೇ ಸಾರ್ವಜನಿಕ ಸೂಚನೆ, ಮನೆಯ ಹೊತ್ತಿಗೆ ಚಂಡೀಗಢದಂತೆ ಅಗ್ಗದ ಅಲಾರಂ ಕೈಗಡಿಯಾರ ಸಾಕು. ಎದ್ದ ಹೊತ್ತು ಮತ್ತು ಮಲಗಿದ ಹೊತ್ತನ್ನು ಪ್ರತಿ ಹಾಳೆಯ ನೆತ್ತಿಯಲ್ಲಿ ಬರೆಸಲೇಬೇಕು, ಅದಿಲ್ಲದೆ ಬೊವಿನ್ ಅವರ ಪಾಠ ವ್ಯರ್ಥ. ಮನೆಯಲ್ಲಿ ತುಳು, ಅರೆಭಾಷೆ, ಹವ್ಯಕ, ಬ್ಯಾರಿ, ಮಲಯಾಳ ಮಾತಾಡುವ ಮಕ್ಕಳು ಒಂದೇ ತರಗತಿಯಲ್ಲಿರುವುದರಿಂದ ಏಳು ಮನೆಗಳ ಎರಡು ತುದಿಗೆ ಯಾವ ಮಾತು ಇಡಬೇಕೆಂಬುದನ್ನು ಕಾಮತರು ಮಾಡಿದಂತೆ ಮಕ್ಕಳ ಜೊತೆ ಕೂತೇ ತೀರ್ಮಾನಿಸಬೇಕು.

ಪದೇ ಪದೇ ಕೇಳಿದರೆ ಕೇಳುವುದೇ ಮಗುವಿನ ಲಹರಿಯನ್ನು ಕೆಡಿಸುತ್ತದೆ ಎಂಬ ಭಯಕ್ಕೂ ಆಧಾರವಿದೆ. ಮೊದಲ ಒಂದೆರಡು ದಿನದ ದಾಖಲೆಯನ್ನು ಲೆಕ್ಕದಿಂದ ಹೊರಗಿಟ್ಟು, ಒಂದು ವಾರಕ್ಕಿಂತ ಉದ್ದದ ಸುತ್ತು ನಡೆಸದೆ, ಸುತ್ತುಗಳ ನಡುವೆ ವಾರಗಳ ಅಂತರ ಬಿಟ್ಟರೆ ಅದು ಬಹುಮಟ್ಟಿಗೆ ತಗ್ಗುತ್ತದೆ. ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಗುಟ್ಟಿನ ಪ್ರಶ್ನೆ. ಷಿಕಾಗೋದ ಹುಡುಗನಿಗೆ ಬಾಗಿಲು ಹಾಕಿಕೊಳ್ಳಲು ಸ್ವಂತ ಕೋಣೆಯಿತ್ತು. ಇಲ್ಲಿ ಹಾಳೆ ತುಂಬುವ ಹುಡುಗಿಯ ಹೆಗಲ ಮೇಲಿಂದ ತಮ್ಮ ಇಣುಕುತ್ತಾನೆ, ಚಾವಡಿಯಲ್ಲಿ ಅಜ್ಜಿ ಏನು ಬರೆಯುತ್ತಿ ಮಗಾ ಎಂದು ಕೇಳುತ್ತಾರೆ. ಯಾರಾದರೂ ನೋಡುತ್ತಾರೆಂದು ಗೊತ್ತಿದ್ದರೆ ಮಗು ದುಃಖದ ಕಡೆಗೆ ಗುರುತು ಹಾಕುವುದಿಲ್ಲ, ಆಗ ಮನೆಯ ಹೊತ್ತಿನ ಲಹರಿ ಇದ್ದದ್ದಕ್ಕಿಂತ ಚೆನ್ನಾಗಿ ಕಾಣುತ್ತದೆ. ಚಂಡೀಗಢದ ಫಲಿತಾಂಶವನ್ನು ಓದುವಾಗಲೂ ಈ ಶಂಕೆಯನ್ನು ಪೂರ್ತಿ ಬಿಡಲಾಗದು. ಮಾತುಗಳ ಬದಲು ಬರೀ ಅಂಕೆ, ಪುಟದ ಮೇಲೆ ಪ್ರಶ್ನೆಯಿಲ್ಲದೆ ಮನೆಗಳಷ್ಟೇ ಇರುವ ಹಾಳೆ, ಎಡ-ಬಲ ತುದಿಗಳನ್ನು ದಿನಕ್ಕೊಂದು ರೀತಿ ಅದಲುಬದಲು ಮಾಡಿದ ಪಟ್ಟಿ, ಹೆಸರಿನ ಜಾಗದಲ್ಲಿ ಮಗುವೇ ಆರಿಸಿದ ಗುರುತು, ತುಂಬಿದ ಹಾಳೆಯನ್ನು ಶಾಲೆಯ ಯಾವ ಮೇಷ್ಟ್ರ ಕೈಗೂ ಕೊಡದೆ ಬೀಗ ಹಾಕಿದ ಪೆಟ್ಟಿಗೆಗೆ ಹಾಕುವ ವ್ಯವಸ್ಥೆ, ಇಷ್ಟನ್ನು ಮೊದಲು ಮಾಡಿ ನಂತರವೇ ಮೊದಲ ಅಲಾರಂ ಕೂಗಬೇಕು. ಸತತವಾಗಿ ತೀರಾ ತಗ್ಗಿನ ಅಂಕೆ ಕೊಡುವ ಮಗುವನ್ನು ಗುರುತಿಸಿ ಮಾತಾಡಿಸುವ ಹೊಣೆ ಯಾರದೆಂಬುದನ್ನು ಮಗುವಿಗೂ ಮನೆಯವರಿಗೂ ಆರಂಭದಲ್ಲೇ ತಿಳಿಸಿರಬೇಕು. ಆ ಮಗುವನ್ನು ಪುತ್ತೂರಿಗೋ ಸುಳ್ಯಕ್ಕೋ ವೈದ್ಯರ ಬಳಿ ಕರೆದೊಯ್ಯುವವರು ಗೊತ್ತಾಗದ ಹೊರತು ಅಧ್ಯಯನ ಶುರುಮಾಡಬಾರದು.